ಅಜ್ಜಿಯೂ ಹೊರಡುವ ಪರದೇಶ

ಮತದಾರರ ಗುರುತಿನ ಚೀಟಿ ಹಳ್ಳಿಯ ಮನೆಗಳಲ್ಲಿ ವರ್ಷದ ಬಹುಪಾಲು ದಿನ ಟ್ರಂಕಿನ ತಳದಲ್ಲೇ ಇರುತ್ತದೆ. ಪಹಣಿಯ ನಕಲು, ಬ್ಯಾಂಕಿನ ಪಾಸ್‌ಬುಕ್ಕು, ಬೆಳೆವಿಮೆಯ ರಸೀದಿಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಆ ಚೀಟಿ ಹೊರಬರುವುದು ಚುನಾವಣೆ ಬಂದಾಗಲೇ. ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯಲ್ಲೂ ಹೀಗೇ. ಆದರೆ ಪಾಸ್‌ಪೋರ್ಟು, ವೀಸಾ ಯಾವುದೂ ಇಲ್ಲದೆ, ಅದೊಂದೇ ಚೀಟಿ ಹಿಡಿದು ಇನ್ನೊಂದು ದೇಶದ ರಾಜಧಾನಿಗೆ ವಿಮಾನದಲ್ಲಿ ಹೋಗಿ ಇಳಿಯಬಹುದು ಎಂಬುದು ಎಷ್ಟೋ ಮನೆಗಳಿಗೆ ಇನ್ನೂ ಹೊಳೆದಿಲ್ಲ. ಆ ಊರು ಕಠ್ಮಂಡು.

ಮೂರು ನಾಲ್ಕು ದಿನಗಳ ಪರದೇಶ ಪ್ರವಾಸ ಈಗ ಉತ್ತರ ಕರ್ನಾಟಕದ ಮಧ್ಯಮವರ್ಗದ ಮನೆಗಳಿಗೂ ದೂರದ ಮಾತಾಗಿ ಉಳಿದಿಲ್ಲ. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುತ್ತಾನೆ, ಮೊಬೈಲಿನಲ್ಲೇ ಟಿಕೆಟ್ ತೆಗೆಯುತ್ತಾನೆ, ಮಕ್ಕಳು ಸಿಂಗಪುರದ ಹೆಸರು ಹೇಳುತ್ತಾರೆ. ಮಾತು ಅಜ್ಜಿಯ ಬಳಿ ಬಂದಾಗ ಮಾತ್ರ ಪ್ರತಿ ಮನೆಯಲ್ಲೂ ಒಂದೇ ಉತ್ತರ: "ನಾ ಮನೀ ನೋಡ್ಕೊಂಡ ಇರ್ತೀನಿ, ನೀವ ಹೋಗಿ ಬರ್ರಿ."

ಆ ಮಾತಿನ ಹಿಂದೆ ಇರುವ ಕಾರಣಗಳು ಗಟ್ಟಿಯಾದವೇ. ಪಾಸ್‌ಪೋರ್ಟು ಮಾಡಿಸಿಲ್ಲ. ಮಂಡಿ ನೋವು. ಅಲ್ಲಿ ಊಟಕ್ಕೆ ಏನು ಸಿಗುತ್ತದೋ ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ. ಇವೆಲ್ಲಕ್ಕಿಂತ ದೊಡ್ಡದಾಗಿ, ಗಾಜಿನ ಗೋಪುರಗಳ ಊರಿಗೆ ಹೋಗಿ ತಾನು ಮಾಡುವುದಾದರೂ ಏನು ಎಂಬ ಸಂಕೋಚ. ಮೊಮ್ಮಕ್ಕಳಿಗಾಗಿ ಹೆಣೆದ ಪ್ರವಾಸದಲ್ಲಿ ಅಜ್ಜಿಗೆ ತನ್ನದೆನ್ನುವ ಒಂದು ಹೊತ್ತೂ ಇರುವುದಿಲ್ಲ. ಆ ಹೊತ್ತನ್ನು ಮೊದಲು ಗುರುತುಮಾಡಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿದರೆ ಪ್ರವಾಸದ ರೂಪವೇ ಬದಲಾಗುತ್ತದೆ. ಕಠ್ಮಂಡುವಿನ ಮಾತು ಬರುವುದು ಅದಕ್ಕೇ.

ಚೀಟಿಯ ಲೆಕ್ಕ

ಭಾರತ ಮತ್ತು ನೇಪಾಳ 1950ರ ಜುಲೈ 31ರಂದು ಸಹಿ ಹಾಕಿದ ಶಾಂತಿ ಮತ್ತು ಸ್ನೇಹ ಒಪ್ಪಂದದ ಏಳನೆಯ ವಿಧಿ ಎರಡೂ ದೇಶಗಳ ಪ್ರಜೆಗಳಿಗೆ ಓಡಾಟದ ಸವಲತ್ತು ಕೊಟ್ಟಿತು. ಅದರ ಫಲವಾಗಿ ಭಾರತೀಯರಿಗೆ ನೇಪಾಳದ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟು ಅಥವಾ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ, ಎರಡರಲ್ಲಿ ಒಂದನ್ನು ತೋರಿಸಿದರೆ ಸಾಕು. ಜೆರಾಕ್ಸ್ ನಡೆಯುವುದಿಲ್ಲ, ಮೂಲ ಚೀಟಿಯೇ ಕೈಯಲ್ಲಿರಬೇಕು.

ಬಹಳ ಮಂದಿ ಎಡವುವುದು ಆಧಾರ್ ವಿಷಯದಲ್ಲಿ. ನಡುವಯಸ್ಸಿನವರಿಗೆ ನೇಪಾಳದ ಪ್ರಯಾಣಕ್ಕೆ ಆಧಾರ್ ಸಾಲದು. 15 ವರ್ಷಕ್ಕಿಂತ ಚಿಕ್ಕವರಿಗೆ ಮತ್ತು 65 ವರ್ಷ ದಾಟಿದವರಿಗೆ ಮಾತ್ರ ಆಧಾರ್, ಪ್ಯಾನ್, ರೇಷನ್ ಕಾರ್ಡಿನಂಥ ಫೋಟೊ ಇರುವ ದಾಖಲೆ ನಡೆಯುತ್ತದೆ. ಅಂದರೆ ಈ ಒಂದು ಕಡೆ ಅಜ್ಜಿ ಮತ್ತು ಮೊಮ್ಮಗನ ಹಾದಿ ಸಲೀಸು, ಅಪ್ಪನದೇ ಬಿಗಿ. 15ರಿಂದ 18ರ ನಡುವಿನ ಮಕ್ಕಳಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ಬೇಕು. ಬೇಸಿಗೆ ರಜೆಯಲ್ಲಿ ಹೊರಡುವವರು ಶಾಲೆಗೆ ಬೀಗ ಬೀಳುವ ಮುಂಚೆಯೇ ಅದನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕು ಹೆಸರಿನದು. ನಮ್ಮ ಕಡೆ ಚೀಟಿಯ ಮೇಲೆ ಒಂದು ರೀತಿ, ಟಿಕೆಟಿನ ಮೇಲೆ ಒಂದು ರೀತಿ ಹೆಸರು ಬರುವುದು ಸಾಮಾನ್ಯ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಒಂದರಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನ ಮನೆಯದು. ಟಿಕೆಟ್ ತೆಗೆಯುವಾಗ ಚೀಟಿಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೇ ಅಕ್ಷರಕ್ಕೆ ಅಕ್ಷರ ಇಳಿಸಬೇಕು. ಚೀಟಿಯಲ್ಲೇ ತಪ್ಪಿದ್ದರೆ ನಮೂನೆ 8ರಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬಹುದು. ಅದಕ್ಕೆ ದಿನ ಹಿಡಿಯುತ್ತದೆ, ಆದ್ದರಿಂದ ಮೊದಲ ಕೆಲಸ ಅದೇ ಆಗಬೇಕು.

ಗೋಕುಲ ರಸ್ತೆಯಿಂದ ಹಿಮಾಲಯದ ತಪ್ಪಲಿಗೆ

ಹಿಂದೆ ನೇಪಾಳ ಎಂದರೆ ಕಾಶಿಯಾತ್ರೆಯ ಮುಂದುವರಿಕೆ. ರೈಲಿನಲ್ಲಿ ಕಾಶಿ, ಅಲ್ಲಿಂದ ಗೋರಖಪುರ, ಬಸ್ಸಿನಲ್ಲಿ ಸೋನೌಲಿ ಗಡಿ, ಮತ್ತೆ ಒಂದು ಹಗಲು ಪೂರ್ತಿ ಗುಡ್ಡದ ರಸ್ತೆ. ಮನೆ ಬಿಟ್ಟವರು ಮರಳುವಷ್ಟರಲ್ಲಿ ಎರಡು ವಾರ ಕಳೆಯುತ್ತಿತ್ತು. ಮಂಡಿ ನೋವಿನ ಹಿರಿಯರಿಗೆ ಅದು ಆಗದ ಮಾತು.

2022ರ ನವೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ದೆಹಲಿಗೆ ನೇರ ವಿಮಾನ ಶುರುವಾದ ಮೇಲೆ ಈ ಲೆಕ್ಕ ಬದಲಾಯಿತು. ಹುಬ್ಬಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ಇಳಿಯುವುದಿಲ್ಲ. ಆದರೆ ಗೋಕುಲ ರಸ್ತೆಯ ನಿಲ್ದಾಣದಲ್ಲಿ ಹತ್ತಿ ದೆಹಲಿ ಮುಟ್ಟಿದರೆ, ಅಲ್ಲಿಂದ ಕಠ್ಮಂಡು ಹೆಚ್ಚುಕಡಿಮೆ ಒಂದೂ ಮುಕ್ಕಾಲು ತಾಸು. ಬೆಂಗಳೂರು, ಮುಂಬೈ ದಾರಿಯೂ ಇದೆ. ವೇಳಾಪಟ್ಟಿ ಋತುವಿಗೊಮ್ಮೆ ಬದಲಾಗುವುದರಿಂದ ಟಿಕೆಟ್ ತೆಗೆಯುವಾಗಲೇ ಎರಡು ವಿಮಾನಗಳ ನಡುವೆ ನಾಲ್ಕೈದು ತಾಸು ಬಿಡುವು ಇಟ್ಟುಕೊಳ್ಳಬೇಕು. ದೆಹಲಿಯಲ್ಲಿ ಇಳಿಯುವ ಟರ್ಮಿನಲ್ ಒಂದು, ಹತ್ತುವ ಟರ್ಮಿನಲ್ ಇನ್ನೊಂದು ಆಗಿರಬಹುದು. ನಡೆಯಲು ಕಷ್ಟವಿರುವ ಹಿರಿಯರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ನಮೂದಿಸಬೇಕು. ನಿಲ್ದಾಣದಲ್ಲಿ ನಿಂತು ಕೇಳಿದರೆ ಕಾಯುವುದು ತಪ್ಪದು.

ದೆಹಲಿಯಿಂದ ಹೋಗುವಾಗ ಎಡಗಡೆಯ ಕಿಟಕಿ ಅಜ್ಜಿಗಿರಲಿ. ಆಕಾಶ ತಿಳಿಯಾಗಿದ್ದರೆ ಹಿಮದ ಸಾಲು ಕಾಣುವುದು ಆ ಬದಿಗೇ.

ಇಳಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಬೇಕು, ನೇಪಾಳದ ಸಮಯ ನಮ್ಮದಕ್ಕಿಂತ ಅಷ್ಟೇ ಮುಂದಿದೆ. ಊರು ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಉಸಿರಾಟಕ್ಕೆ ತೊಂದರೆ ಕೊಡುವ ಎತ್ತರ ಅದಲ್ಲ. ಸಂಜೆಯ ಚಳಿಗೆ ಒಂದು ಸ್ವೆಟರು, ಒಂದು ಶಾಲು ಇದ್ದರೆ ನಡೆಯುತ್ತದೆ.

ಬಾಗ್ಮತಿಯ ದಂಡೆಯಲ್ಲಿ ಕರ್ನಾಟಕದ ಭಟ್ಟರು

ಎರಡನೆಯ ದಿನದ ಬೆಳಗು ಅಜ್ಜಿಯದು. ಪಶುಪತಿನಾಥ ದೇವಸ್ಥಾನ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲೇ, ಬಾಗ್ಮತಿ ನದಿಯ ದಂಡೆಯಲ್ಲಿದೆ. ಎರಡು ಅಂತಸ್ತಿನ ಚಾವಣಿ, ಅದಕ್ಕೆ ಬಂಗಾರದ ಹೊಳಪು, ನಾಲ್ಕು ದಿಕ್ಕಿಗೆ ಬೆಳ್ಳಿಯ ಬಾಗಿಲು. ಪಶ್ಚಿಮ ದ್ವಾರದಿಂದ ಒಳಗೆ ಬಂದವರಿಗೆ ಮೊದಲು ಎದುರಾಗುವುದು ಬೃಹತ್ತಾದ ಬಸವಣ್ಣ. ಗರ್ಭಗುಡಿಯಲ್ಲಿ ಇರುವುದು ಮುಖಲಿಂಗ, ನಾಲ್ಕು ದಿಕ್ಕಿಗೆ ನಾಲ್ಕು ಮುಖ. ಭಕ್ತರು ಒಂದೊಂದೇ ಬಾಗಿಲ ಮುಂದೆ ನಿಂತು, ಸುತ್ತು ಬಂದು ನಾಲ್ಕೂ ಮುಖಗಳ ದರ್ಶನ ಮಾಡುತ್ತಾರೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಚರ್ಮದ ಬೆಲ್ಟು, ಪಾಕೀಟು ಹೊರಗೇ ಬಿಡಬೇಕು. ಆಚೆ ದಂಡೆಯಲ್ಲಿ ನಿಂತರೆ ಆರ್ಯಘಾಟದಲ್ಲಿ ಚಿತೆಗಳು ಉರಿಯುವುದು ಕಾಣುತ್ತದೆ. ಚಿಕ್ಕಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ತಿಳಿದಿರುವುದು ಒಳಿತು.

ಕನ್ನಡಿಗರಿಗೆ ಈ ಗುಡಿ ಆಪ್ತವಾಗಲು ಇನ್ನೊಂದು ಕಾರಣವಿದೆ. ಲಿಂಗವನ್ನು ಮುಟ್ಟಿ ಪೂಜಿಸುವ ಹಕ್ಕು ಇರುವುದು ದಕ್ಷಿಣದಿಂದ ಬಂದ ಭಟ್ಟರಿಗೆ ಮಾತ್ರ. ಅವರ ಮುಖ್ಯಸ್ಥರಿಗೆ 'ಮೂಲ ಭಟ್ಟ' ಎಂಬ ಸ್ಥಾನ. ಬಹುಕಾಲದಿಂದ ಈ ಭಟ್ಟರು ಬರುತ್ತಿರುವುದು ಕರಾವಳಿ ಕರ್ನಾಟಕದ ವೇದಪಾಠಿ ಮನೆತನಗಳಿಂದ. ಈ ಪದ್ಧತಿಯನ್ನು ಆರಂಭಿಸಿದವರು ಶಂಕರಾಚಾರ್ಯರೆಂದು ಪ್ರತೀತಿ. ನೇಪಾಳ ಗಣರಾಜ್ಯವಾದ ಹೊಸತರಲ್ಲಿ, 2009ರ ಆರಂಭದ ಹೊತ್ತಿಗೆ, ಅಲ್ಲಿನ ಸರ್ಕಾರ ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತು. ಪ್ರತಿಭಟನೆ ಎದ್ದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೊನೆಗೆ ಸರ್ಕಾರ ಹಿಂದೆ ಸರಿದು ಹಳೆಯ ಪದ್ಧತಿಯೇ ಉಳಿಯಿತು. ಅದೇ ವರ್ಷ ಕರ್ನಾಟಕದಿಂದ ಹೊಸ ಭಟ್ಟರೂ ಹೋದರು.

ಕಣಿವೆಯಲ್ಲಿ ಇನ್ನೊಂದು ಪರಿಚಿತ ಹೆಸರಿದೆ: ಗೋಕರ್ಣ. ನಗರದ ಈಶಾನ್ಯ ಅಂಚಿನಲ್ಲಿ, ಇದೇ ಬಾಗ್ಮತಿಯ ತೀರದಲ್ಲಿ ಗೋಕರ್ಣೇಶ್ವರ ಮಹಾದೇವನ ಗುಡಿ. ನಮ್ಮ ಉತ್ತರ ಕನ್ನಡದ ಗೋಕರ್ಣಕ್ಕೆ ಹುಬ್ಬಳ್ಳಿ ಕಡೆಯವರು ಪಿತೃಕಾರ್ಯಕ್ಕೆ ಹೋಗುವಂತೆ, ಗತಿಸಿದ ತಂದೆಗೆ ಪಿಂಡ ಬಿಡಲು ನೇಪಾಳಿಗರು ಬರುವುದು ಈ ಗೋಕರ್ಣಕ್ಕೆ. ಅದಕ್ಕೆಂದೇ ಒಂದು ಅಮಾವಾಸ್ಯೆ ಮೀಸಲಿದೆ. ನಮ್ಮ ಪಂಚಾಂಗದಲ್ಲಿ ಅದು ಶ್ರಾವಣದ ಕೊನೆಯ ಬೆನಕನ ಅಮಾವಾಸ್ಯೆ. ಎರಡು ದೇಶ, ಎರಡು ಗೋಕರ್ಣ, ಎರಡೂ ಕಡೆ ಹಿರಿಯರ ನೆನಪು.

ಅಣ್ಣಿಗೇರಿಯ ಕಾಲದ ಒಂದು ದಾರಿ

ಮೂರನೆಯ ದಿನ ಭಕ್ತಪುರಕ್ಕೆ. ಕಠ್ಮಂಡುವಿನಿಂದ ಪೂರ್ವಕ್ಕೆ ಸುಮಾರು 13 ಕಿ.ಮೀ. ಇಟ್ಟಿಗೆ ಹಾಸಿದ ಬೀದಿಗಳು, ಕೆತ್ತನೆಯ ಮರದ ಕಿಟಕಿಗಳು, ಅಂಗಳದಲ್ಲಿ ಒಣಗುವ ಮಡಕೆಗಳು. ಕಠ್ಮಂಡು ಕಣಿವೆಯ ಏಳು ತಾಣಗಳನ್ನು ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಭಕ್ತಪುರದ ಅರಮನೆ ಚೌಕವೂ ಒಂದು.

ಮಕ್ಕಳು ಇಲ್ಲಿ ಓಡುವುದು ನ್ಯಾತಪೋಲದ ಮೆಟ್ಟಿಲಿಗೆ. ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದು ಅಂತಸ್ತಿನ ಗುಡಿ ಇದು. ಮೆಟ್ಟಿಲ ಇಕ್ಕೆಲದಲ್ಲಿ ಐದು ಜೋಡಿ ಕಾವಲು ಮೂರ್ತಿಗಳು. ಎಲ್ಲಕ್ಕಿಂತ ಕೆಳಗೆ ಇಬ್ಬರು ಜಟ್ಟಿಗಳು, ಅವರ ಮೇಲೆ ಆನೆ, ಆಮೇಲೆ ಸಿಂಹ, ಮೇಲಕ್ಕೆ ಹೋದಂತೆ ಪ್ರತಿ ಜೋಡಿಗೆ ಕೆಳಗಿನವರ ಹತ್ತುಪಟ್ಟು ಬಲ ಎಂಬುದು ಅಲ್ಲಿಯ ಹೇಳಿಕೆ. ಗರಡಿಮನೆಯ ಮಣ್ಣು ಮೈಗೆ ಮೆತ್ತಿಕೊಂಡು ಬೆಳೆದ ಧಾರವಾಡ ಜಿಲ್ಲೆಯ ಹುಡುಗನಿಗೆ ಆ ಕಲ್ಲಿನ ಜಟ್ಟಿಗಳ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಇದೇ ಚೌಕಗಳ ಹಲವು ಗುಡಿಗಳು ಉರುಳಿದವು. 1934ರ ಭೂಕಂಪವನ್ನೂ ಕಂಡಿದ್ದ ನ್ಯಾತಪೋಲ ಅಂದೂ ನಿಂತಿತು.

ಅರಮನೆಯ ಒಳಗಿನ ತಲೇಜು ಭವಾನಿಯ ಗುಡಿಯ ಕತೆ ನಮ್ಮ ಸೀಮೆಗೆ ತಾಗುತ್ತದೆ. ಶಿರಗುಪ್ಪಿಯಿಂದ ದೂರವಲ್ಲದ ಅಣ್ಣಿಗೇರಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳ್ವೊಲ ನಾಡಿನ ಮುಖ್ಯ ಪಟ್ಟಣ. ಅಲ್ಲಿಯ ಅಮೃತೇಶ್ವರ ಗುಡಿ 11ನೆಯ ಶತಮಾನದ್ದು. ಆ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ದಿನಗಳಲ್ಲಿ, 1097ರಲ್ಲಿ, ನಾನ್ಯದೇವ ಎಂಬಾತ ಮಿಥಿಲೆಯಲ್ಲಿ ಹೊಸ ರಾಜ್ಯ ಕಟ್ಟಿದ. ತನ್ನನ್ನು ಕರ್ಣಾಟ ಕುಲದವನೆಂದು ಕರೆದುಕೊಂಡ. ಚಾಲುಕ್ಯರ ದಂಡಿನ ಜೊತೆ ಉತ್ತರಕ್ಕೆ ಬಂದವರ ಪೈಕಿ ಅವನ ಮನೆತನವೂ ಒಂದು ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಸಂಗೀತದ ಮೇಲೆ 'ಭರತಭಾಷ್ಯ' ಬರೆದವನೂ ಇವನೇ. ಅವನ ರಾಜಧಾನಿ ಸಿಮ್ರೌನ್‌ಗಢ ಇಂದಿನ ನೇಪಾಳದ ದಕ್ಷಿಣ ಅಂಚಿನಲ್ಲಿ, ಬಿಹಾರದ ಗಡಿಗೆ ತಾಗಿದೆ.

1324ರ ಹೊತ್ತಿಗೆ ಘಿಯಾಸುದ್ದೀನ್ ತುಘಲಕ್‌ನ ದಾಳಿಗೆ ಆ ರಾಜ್ಯ ಬಿದ್ದಾಗ ಕೊನೆಯ ದೊರೆ ಹರಿಸಿಂಹದೇವ ಗುಡ್ಡಗಳತ್ತ ಸರಿದ. ಅವನು ದಾರಿಯಲ್ಲೇ ತೀರಿಕೊಂಡನೆಂದೂ, ರಾಣಿ ದೇವಲದೇವಿ ಭಕ್ತಪುರ ಸೇರಿದಳೆಂದೂ ಹೇಳುತ್ತಾರೆ. ತಲೇಜು ಭವಾನಿ ಈ ಮನೆತನದ ಜೊತೆಗೇ ಕಣಿವೆಗೆ ಬಂದ ದೇವಿ ಎಂಬುದು ಅಲ್ಲಿ ನೆಲೆನಿಂತ ನಂಬಿಕೆ. ಮುಂದೆ ಮಲ್ಲ ಅರಸರೆಲ್ಲ ಆಕೆಯನ್ನು ಕುಲದೇವಿಯೆಂದು ಪೂಜಿಸಿದರು. ಇದೇ ಭಕ್ತಪುರದಲ್ಲಿ ಒಂದು ಜಂಗಮ ಮಠವೂ ಇದೆ. ಪರದೇಶದ ಪಟ್ಟಣವೊಂದರ ಬೀದಿಯಲ್ಲಿ 'ಜಂಗಮ' ಎಂಬ ಮಾತು ಕಿವಿಗೆ ಬಿದ್ದರೆ ಶಿರಗುಪ್ಪಿಯ ಅಜ್ಜಿ ನಿಂತು ತಿರುಗಿ ನೋಡದೆ ಇರುತ್ತಾಳೆಯೆ?

ರೊಟ್ಟಿಯ ಗಂಟು, ಕುಡಿಕೆಯ ಮೊಸರು

ಊಟದ ಚಿಂತೆಗೆ ಅರ್ಧ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಖಡಕ್ ಜೋಳದ ರೊಟ್ಟಿ ನೀರಿನ ಪಸೆ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಹಾಗೇ ಚೀಲಕ್ಕೆ ಹಾಕಿದರೆ ಮಾತ್ರ ದೆಹಲಿ ಮುಟ್ಟುವ ಮುಂಚೆ ಪುಡಿಯಾಗುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ತೆಳುವಾದ ಬಟ್ಟೆ ಹಾಸಿ, ರೊಟ್ಟಿಗಳನ್ನು ಒತ್ತಾಗಿ ಜೋಡಿಸಿ, ಮೇಲೂ ಬಟ್ಟೆ ತುರುಕಿ ಅಲ್ಲಾಡದಂತೆ ಮುಚ್ಚಳ ಹಾಕಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಪೊಟ್ಟಣಗಳು ಅದರ ಜೊತೆಗೆ. ಉಪ್ಪಿನಕಾಯಿ, ತುಪ್ಪವನ್ನು ಕೈಚೀಲದಲ್ಲಿ ಒಯ್ಯಲು ತಪಾಸಣೆಯಲ್ಲಿ ಬಿಡುವುದಿಲ್ಲ. ಅವನ್ನು ಲಗೇಜಿಗೇ ಹಾಕಬೇಕು.

ಉಳಿದರ್ಧಕ್ಕೆ ಕಠ್ಮಂಡು ಸಾಕು. ಬೇಳೆ, ಅನ್ನ, ಸೊಪ್ಪು, ಉಪ್ಪಿನಕಾಯಿ ಇರುವ ದಾಲ್‌ಭಾತ್ ಅಲ್ಲಿಯ ಎರಡು ಹೊತ್ತಿನ ಊಟ. ಸಸ್ಯಾಹಾರಿ ಭೋಜನಾಲಯಗಳಿಗೆ ಕೊರತೆಯಿಲ್ಲ. ಭಕ್ತಪುರಕ್ಕೆ ಹೋದವರು ಜುಜು ಧೌ ತಿನ್ನದೆ ಬರಬಾರದು. ನೇವಾರಿ ಭಾಷೆಯಲ್ಲಿ ಆ ಹೆಸರಿಗೆ ರಾಜ ಮೊಸರು ಎಂದು ಅರ್ಥ. ಎಮ್ಮೆಯ ಹಾಲನ್ನು ಕಾಯಿಸಿ, ಸಿಹಿ ಬೆರೆಸಿ, ಮಣ್ಣಿನ ಕುಡಿಕೆಗೆ ಹೊಯ್ದು, ಬೆಚ್ಚಗೆ ಹೊದಿಸಿ ಹೆಪ್ಪುಗಟ್ಟಿಸುತ್ತಾರೆ. ಹಾಲಿನ ನೀರಿನಂಶವನ್ನು ಮಣ್ಣು ಹೀರುವುದರಿಂದ ಮೊಸರು ಗಟ್ಟಿಯಾಗುತ್ತದೆ. ಕೆನೆಗಟ್ಟಿದ ಮೇಲ್ಪದರಕ್ಕೆ ಚಮಚ ಇಳಿಸಿದರೆ ಅಂಚು ಕತ್ತರಿಸಿದಂತೆ ನಿಲ್ಲುತ್ತದೆ. ಎಮ್ಮೆ ಸಾಕಿದ ಮನೆಯವರಿಗೆ ಆ ಗಟ್ಟಿತನದ ಬೆಲೆ ಗೊತ್ತು.

ದುಡ್ಡಿನ ಲೆಕ್ಕವೂ ಸುಲಭ. 1993ರಿಂದ ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ದರ ಬದಲಾಗದೆ ನಿಂತಿದೆ. ಅಂಗಡಿಯವರು 'ಐಸಿ', 'ಎನ್‌ಸಿ' ಎನ್ನುತ್ತಾರೆ, ಮೊದಲನೆಯದು ನಮ್ಮ ಹಣ, ಎರಡನೆಯದು ಅವರದು. ಬೆಲೆ ಕೇಳಿದಾಗಲೆಲ್ಲ ಯಾವುದೆಂದು ಖಚಿತ ಮಾಡಿಕೊಳ್ಳಬೇಕು. 2018ರ ಡಿಸೆಂಬರ್‌ನಲ್ಲಿ ನೇಪಾಳ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಈಚೆಗೆ ಅದನ್ನು ಸಡಿಲಿಸುವ ಹೆಜ್ಜೆಗಳಾಗಿದ್ದರೂ ನೂರರ ನೋಟುಗಳ ಒಂದು ಕಟ್ಟು ಜೊತೆಗಿದ್ದರೆ ಎಲ್ಲೂ ತಡವರಿಸಬೇಕಿಲ್ಲ. 2024ರ ಮಾರ್ಚ್‌ನಿಂದ ಅಲ್ಲಿಯ ಫೋನ್‌ಪೇ (Fonepay) ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐನಿಂದಲೂ ಹಣ ಕೊಡಬಹುದು.

ಸಿಂಗಪುರವೂ ಇರಲಿ

ಮಕ್ಕಳ ಆಸೆಯೂ ಆಸೆಯೇ. ಅದಕ್ಕೆ ಮನೆಯವರೆಲ್ಲರ ಪಾಸ್‌ಪೋರ್ಟು ಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ವಯಸ್ಕರ 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ ₹1,500, ಬಾಳಿಕೆ 10 ವರ್ಷ. ಎಸ್ಸೆಸ್ಸೆಲ್ಸಿ ಮುಗಿಸದವರ ಪಾಸ್‌ಪೋರ್ಟಿನಲ್ಲಿ ಬರುವ 'ಇಸಿಆರ್' ಎಂಬ ನಮೂದು ಕಂಡು ಹೆದರುವವರಿದ್ದಾರೆ. ಅದು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ್ದು, ಪ್ರವಾಸಿಗರಿಗೆ ಅಡ್ಡಿಯಿಲ್ಲ.

ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ, ಮಲೇಷ್ಯಾ ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ತೆರೆದವು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ತಿಂಗಳಲ್ಲಿ ಮತ್ತೆ ನೋಡಿಕೊಳ್ಳಬೇಕು. ಸಿಂಗಪುರಕ್ಕೆ ವೀಸಾ ಬೇಕು. ಬೆಂಗಳೂರಿನಿಂದ ನಾಲ್ಕೂವರೆ ತಾಸಿನ ಹಾರಾಟ. ಇಡೀ ದೇಶ ಧಾರವಾಡ ಜಿಲ್ಲೆಯ ಐದನೆಯ ಒಂದು ಪಾಲಿಗಿಂತ ಚಿಕ್ಕದು, ಹಾಗಾಗಿ ಮೂರು ದಿನದಲ್ಲಿ ನೋಡಿ ಮುಗಿಸಬಹುದು. ಅಲ್ಲೂ ಹಿರಿಯರಿಗೆ ಆಸರೆಗಳಿವೆ: ಸೆರಂಗೂನ್ ರಸ್ತೆಯ ಗುಡಿಗಳು, ಅದೇ ರಸ್ತೆಯಲ್ಲಿ 2013ರಲ್ಲಿ ತೆರೆದ ಎಂಟಿಆರ್. ಕ್ವಾಲಾಲಂಪುರದ ಕಡೆ ಹೋದರೆ ಬಾಟು ಗುಹೆಯ ಮುರುಗನ್. ಮೇಲಿನ ಗುಹೆಗೆ 272 ಮೆಟ್ಟಿಲು. ಹತ್ತಲಾಗದವರಿಗೆ ಕೆಳಗಿನ ಅಂಗಳದಿಂದಲೇ 42 ಮೀಟರ್ ಮೀರಿದ ಮೂರ್ತಿಯ ದರ್ಶನ.

ಯಾವಾಗ ಹೊರಡಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇಪಾಳದಲ್ಲಿ ಮಳೆ, ಗುಡ್ಡ ಕುಸಿತ. ಡಿಸೆಂಬರ್–ಜನವರಿಯಲ್ಲಿ ದೆಹಲಿಯಲ್ಲೂ ಕಠ್ಮಂಡುವಿನಲ್ಲೂ ಮಂಜು ಕವಿದು ವಿಮಾನಗಳು ತಡವಾಗುತ್ತವೆ. ಎರೆಭೂಮಿಯ ರೈತನ ಪಂಚಾಂಗವೂ ಇದಕ್ಕೆ ಕೂಡಿ ಬರಬೇಕು. ಕಡಲೆ, ಬಿಳಿಜೋಳದ ಸುಗ್ಗಿ ಮುಗಿಸಿ, ಮೆಣಸಿನಕಾಯಿ ಮಾರಿ ಕೈಗೆ ನಾಲ್ಕು ಕಾಸು ಬಂದ ಏಪ್ರಿಲ್ ಒಂದು ಕಾಲ, ದಸರಾ ರಜೆ ಇನ್ನೊಂದು. ಹಿಂದಿರುಗುವಾಗ ಒಂದು ದಿನ ಸಡಿಲು ಇಟ್ಟುಕೊಳ್ಳುವುದು, ಪ್ರವಾಸ ವಿಮೆ ಮಾಡಿಸುವುದು, ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ನಂಬರು ಬರೆದಿಟ್ಟುಕೊಳ್ಳುವುದು ಅಗತ್ಯ. 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಚಳವಳಿ ಭುಗಿಲೆದ್ದು ವಿಮಾನ ನಿಲ್ದಾಣ ಮುಚ್ಚಿದಾಗ ಕನ್ನಡಿಗ ಪ್ರವಾಸಿಗರೂ ಅಲ್ಲಿ ಸಿಲುಕಿದ್ದರು.

ದಸರೆಗೆ ಹೋದರೆ ಅಂಗಡಿಗಳು ಹಲವು ಮುಚ್ಚಿರುತ್ತವೆ, ಆದರೆ ಊರಿನ ಇನ್ನೊಂದು ಮುಖ ಕಾಣುತ್ತದೆ. ಅವರಿಗದು ದಶೈಂ, ವರ್ಷದ ದೊಡ್ಡ ಹಬ್ಬ. ನಮ್ಮ ಕಡೆ ನವರಾತ್ರಿಯ ಮೊದಲ ದಿನ ಘಟ ಕೂರಿಸಿ ಮಣ್ಣಿನಲ್ಲಿ ಕಾಳು ಬಿತ್ತುವಂತೆ, ಅಲ್ಲಿ ಜವೆ ಬಿತ್ತಿ ಹಳದಿ ಮೊಳಕೆ ಬೆಳೆಸುತ್ತಾರೆ. ಅದರ ಹೆಸರು ಜಮರಾ. ವಿಜಯದಶಮಿಯ ದಿನ ಎಲ್ಲೆಲ್ಲೋ ಇರುವ ಮಕ್ಕಳು ಮೊಮ್ಮಕ್ಕಳು ಹಿರಿಯರಿದ್ದಲ್ಲಿಗೆ ಬರುತ್ತಾರೆ. ಮನೆಯ ಅತಿ ಹಿರಿಯ ಜೀವ ನಡುವೆ ಕೂತು, ಅಕ್ಕಿ ಮೊಸರು ಕಲಸಿದ ಕೆಂಪು ಟೀಕಾವನ್ನು ಒಬ್ಬೊಬ್ಬರ ಹಣೆಗೂ ಒತ್ತಿ, ಕಿವಿಯ ಮೇಲೆ ಜಮರಾ ಸಿಕ್ಕಿಸಿ ಹರಸುತ್ತದೆ. ಅಂದು ಸಂಜೆ ಶಿರಗುಪ್ಪಿಯಲ್ಲಿ ಬನ್ನಿ ಹಂಚಿಕೊಳ್ಳುವ ಹೊತ್ತು. ಊರಿನಿಂದ ಕಾಗದದಲ್ಲಿ ಸುತ್ತಿ ತಂದ ಎರಡು ಎಸಳು ಬನ್ನಿ ಇದ್ದರೆ, ಕಠ್ಮಂಡುವಿನ ಕೋಣೆಯಲ್ಲೇ ಅಜ್ಜಿಯ ಕೈಗಿಟ್ಟು ಕಾಲಿಗೆ ಬಿದ್ದು ಮೊಮ್ಮಕ್ಕಳು ಹೇಳಬಹುದು: "ಬನ್ನಿ ತಗೊಂಡು ಬಂಗಾರದಂಗ ಇರೂಣಬೇ ಅಮ್ಮಾ."